ಮಧ್ಯಾಹ್ನಕ್ಕೆ ಮಾತು ನಿಲ್ಲಿಸುತ್ತಿದ್ದ ಕಂಪ್ಯೂಟರ್

ತನುಶ್ರೀಗೆ ಹುಟ್ಟಿನಿಂದ ಕಣ್ಣು ಕಾಣದು. ದಾವಣಗೆರೆಯಲ್ಲಿ ಓದಿ, ಅನುವಾದಕರ ಪರೀಕ್ಷೆ ಪಾಸಾಗಿ ದೆಹಲಿಗೆ ಬಂದವಳು. ಲೋಧಿ ಕಾಲೋನಿಯ ಹತ್ತಿರದ ಸರ್ಕಾರಿ ಕಚೇರಿಯೊಂದರಲ್ಲಿ, ಕರ್ನಾಟಕದಿಂದ ಬರುವ ಕನ್ನಡ ದೂರುಗಳನ್ನು ಇಂಗ್ಲಿಷಿಗೆ ತರುವುದು ಅವಳ ಕೆಲಸ. ಅಚ್ಚಾದ ಕಾಗದವನ್ನು ಸ್ಕ್ಯಾನರಿನಲ್ಲಿ ಇಟ್ಟರೆ ಅದು ಕಂಪ್ಯೂಟರಿನಲ್ಲಿ ಅಕ್ಷರವಾಗುತ್ತಿತ್ತು. ಸ್ಕ್ರೀನ್ ರೀಡರ್ ಎಂಬ ಪ್ರೋಗ್ರಾಂ ಅದನ್ನು ಅವಳ ಕಿವಿಗೆ ಓದಿ ಹೇಳುತ್ತಿತ್ತು.

ಈ ಚಳಿಗಾಲದಲ್ಲಿ ಆ ಧ್ವನಿ ಕೈಕೊಡತೊಡಗಿತು. ಬೆಳಿಗ್ಗೆ ಚೆನ್ನಾಗಿರುತ್ತಿತ್ತು. ಊಟ ಮುಗಿಸಿ ಬರುವಷ್ಟರಲ್ಲಿ ತೊದಲಲು ಶುರುವಾಗಿ, ಆಮೇಲೆ ಪೂರ್ತಿ ನಿಂತೇ ಹೋಗುತ್ತಿತ್ತು. ಆಫ್ ಮಾಡಿ ಆನ್ ಮಾಡಿದರೆ ಸ್ವಲ್ಪ ಹೊತ್ತು ಸರಿಹೋಗುತ್ತಿತ್ತು, ಅಷ್ಟೇ.

ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದ ಇಂಜಿನಿಯರ್ ಕಿರಣ್ ದೆಹಲಿಯದೇ ರೋಹಿಣಿ ಬಡಾವಣೆಯ ಹುಡುಗಿ. ಬಂದು ನೋಡಿ ಹಿಂದಿಯಲ್ಲಿ ಹೇಳಿದಳು: "ದೀದಿ, ಮೆಮೊರಿ ತುಂಬಿ ಹೋಗಿದೆ. ಜಾಗ ಸಾಲದೆ ಎಲ್ಲವನ್ನೂ ಡಿಸ್ಕಿಗೆ ಹಾಕಿ ತೆಗೆಯುತ್ತಿದೆ, ಅದಕ್ಕೇ ನಿಧಾನ. ನಿಮ್ಮ ಓದುವ ಪ್ರೋಗ್ರಾಮೇ ಭಾರ ಇರಬೇಕು."

"ಅದನ್ನು ತೆಗೆದರೆ ನಾನು ಕೆಲಸ ಹೇಗೆ ಮಾಡಲಿ?"

ಕಿರಣ್ ಮಷೀನನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿಟ್ಟು ಹೋದಳು.

ಸೆಕ್ಷನ್ ಆಫೀಸರ್ ಮಹಂತೇಶ್ ವಿಜಯಪುರದವರು, ಒಳ್ಳೆಯ ಮನುಷ್ಯ. "ನೋಡಮ್ಮ, ಹೊಸ ಮಷೀನ್ ಯಾವಾಗ ಬರುತ್ತೋ ಗೊತ್ತಿಲ್ಲ. ಟೆಲಿಫೋನ್ ಡೆಸ್ಕಿಗೆ ಹಾಕಿಸುತ್ತೇನೆ. ಆರಾಮಾಗಿ ಕೂತುಕೋ," ಎಂದರು.

"ನಾನು ಆರಾಮ ಕೇಳಲಿಲ್ಲ ಸರ್. ಒಂದು ವಾರ ಟೈಮ್ ಕೊಡಿ."

ಅವರು ಒಪ್ಪಿದರು. ಆದರೂ ಅವಳನ್ನು ಆ ಡೆಸ್ಕಿಗೆ ವರ್ಗ ಮಾಡುವ ಪ್ರಸ್ತಾವವನ್ನು ಮೇಲಧಿಕಾರಿಗಳಿಗೆ ಕಳಿಸಿಯೇಬಿಟ್ಟರು.

ಮರುದಿನ ಬೆಳಿಗ್ಗೆ ತನುಶ್ರೀ ಟಾಸ್ಕ್ ಮ್ಯಾನೇಜರ್ ತೆರೆದಳು. ಯಾವ ಪ್ರೋಗ್ರಾಂ ಎಷ್ಟು ಮೆಮೊರಿ ಹಿಡಿದಿದೆ ಎಂದು ತೋರಿಸುವ ಕಿಟಕಿ ಅದು. ಬಾಣದ ಕೀಲಿ ಒತ್ತುತ್ತ ಒಂದೊಂದು ಸಾಲನ್ನೂ ಓದಿಸಿ ಕೇಳಿದಳು. ಅವಳಿಗೆ ಮೊದಲು ಅನುಮಾನ ಬಂದದ್ದು ಬ್ರೌಸರಿನ ಮೇಲೆ. ತೆರೆದಿದ್ದ ಪುಟಗಳನ್ನೆಲ್ಲ ಮುಚ್ಚಿ ಕೆಲಸ ಮಾಡಿದಳು. ಮಧ್ಯಾಹ್ನಕ್ಕೆ ಮತ್ತೆ ಅದೇ ತೊದಲು. ಮಾರನೆಯ ದಿನ ಸ್ಕ್ರೀನ್ ರೀಡರಿನ ಸಾಲನ್ನು ಬೆಳಿಗ್ಗೆಯಿಂದ ಬಿಡದೆ ಗಮನಿಸಿದಳು. ಅದು ಹಿಡಿದಿದ್ದ ಜಾಗ ಇದ್ದಷ್ಟೇ ಇತ್ತು. ಕಿರಣ್ ಹೇಳಿದ್ದು ತಪ್ಪು ಎಂದು ತಿಳಿದರೂ ನಿಜ ಯಾವುದೆಂದು ತಿಳಿಯಲಿಲ್ಲ. ಆ ಸಂಜೆ ಮೆಟ್ರೋದಲ್ಲಿ ಅವಳಿಗೆ ಅಳು ಬಂತು. ಯಾರಿಗೂ ಕೇಳಿಸದಂತೆ ಅತ್ತಳು.

ಮರುದಿನ ಪ್ರಿಂಟರ್ ರಿಪೇರಿಯವರು ಬಂದು ಸ್ಕ್ಯಾನರಿನ ತಂತಿ ಕಿತ್ತು ಮೇಜನ್ನು ಪಕ್ಕಕ್ಕೆ ಎಳೆದಿದ್ದರಿಂದ ಅವಳಿಗೆ ಹೊಸ ಕಾಗದ ಸ್ಕ್ಯಾನ್ ಮಾಡಲಾಗಲಿಲ್ಲ. ಹಳೆಯದನ್ನೇ ತಿದ್ದುತ್ತ ಕೂತಳು. ಸಂಜೆಯಾದರೂ ಧ್ವನಿ ಒಮ್ಮೆಯೂ ತಡವರಿಸಲಿಲ್ಲ. ಇವತ್ತು ತಾನು ಮಾಡದೆ ಬಿಟ್ಟದ್ದು ಸ್ಕ್ಯಾನ್ ಒಂದೇ ಎಂದು ತನುಶ್ರೀಗೆ ಹೊಳೆಯಿತು.

ಬೆಳಿಗ್ಗೆ ಬಂದವಳೇ ಒಂದು ಕಾಗದ ಸ್ಕ್ಯಾನ್ ಮಾಡಿ, ಸ್ಕ್ಯಾನರಿನ ಪ್ರೋಗ್ರಾಂ ಹಿಡಿದಿದ್ದ ಮೆಮೊರಿ ಎಷ್ಟೆಂದು ಕೇಳಿದಳು. ಇನ್ನೊಂದು ಕಾಗದ ಇಟ್ಟಳು, ಏರಿತು. ಮತ್ತೊಂದು ಇಟ್ಟಳು, ಮತ್ತೆ ಏರಿತು. ಸ್ಕ್ಯಾನರಿನ ಕಿಟಕಿಯನ್ನು ಮುಚ್ಚಿದರೂ ಇಳಿಯಲಿಲ್ಲ. ಪ್ರೋಗ್ರಾಂ ಮರೆಯಲ್ಲಿ ನಡೆಯುತ್ತಲೇ ಇತ್ತು, ಸ್ಕ್ಯಾನ್ ಮಾಡಿದ ಪುಟಗಳ ಚಿತ್ರಗಳನ್ನೆಲ್ಲ ಬಿಡದೆ ಹಿಡಿದುಕೊಂಡಿತ್ತು. ಕಚೇರಿಯಲ್ಲಿ ಅಷ್ಟು ಕಾಗದ ಸ್ಕ್ಯಾನ್ ಮಾಡುತ್ತಿದ್ದವಳು ಅವಳೊಬ್ಬಳೇ. ಆದ್ದರಿಂದಲೇ ಬೇರೆ ಯಾರಿಗೂ ಈ ತೊಂದರೆ ಕಾಣಿಸಿರಲಿಲ್ಲ.

ಕಿರಣಳನ್ನು ಕರೆದು ಹೆಡ್‌ಫೋನ್ ಕೊಟ್ಟಳು. "ನೀನೇ ಕೇಳು."

ಕಿರಣ್ ಕೇಳುತ್ತ, ಪರದೆ ನೋಡುತ್ತ ನಿಂತಳು. "ಅಚ್ಛಾ. ನವೆಂಬರಿನಲ್ಲಿ ನಾನೇ ಇದರ ಹೊಸ ಆವೃತ್ತಿ ಹಾಕಿದ್ದೆ ದೀದಿ. ತೆಗೆದುಬಿಡೋಣ." ಅದನ್ನು ಕಿತ್ತು, ಹಳೆಯ ಆವೃತ್ತಿ ಹುಡುಕಿ ಹಾಕುವುದಕ್ಕೆ ಇಬ್ಬರಿಗೂ ಊಟದ ಹೊತ್ತು ಮೀರಿತು. ಆಮೇಲೆ ತನುಶ್ರೀ ದೊಡ್ಡದೊಂದು ಕಟ್ಟನ್ನು ಸ್ಕ್ಯಾನ್ ಮಾಡಿದಳು. ಧ್ವನಿ ನಿಲ್ಲಲಿಲ್ಲ.

ಅವಳು ನೇರ ಮಹಂತೇಶರ ಕೋಣೆಗೆ ಹೋಗಿ ನಡೆದದ್ದು ಹೇಳಿದಳು.

"ಬಹಳ ಚಲೋ ಆಯ್ತು," ಎಂದರು ಅವರು. "ಆದರೆ ಪ್ರಸ್ತಾವ ಮೇಲೆ ಹೋಗಿದೆಯಲ್ಲ. ನಾಳೆ ಮಾತಾಡುತ್ತೇನೆ."

"ಈಗಲೇ ಫೋನ್ ಮಾಡಿ ಸರ್. ನಾನು ಇಲ್ಲೇ ಕೂತಿರುತ್ತೇನೆ."

ಮಹಂತೇಶ್ ಫೋನ್ ಎತ್ತಿಕೊಂಡರು. ಪ್ರಸ್ತಾವ ವಾಪಸು ಪಡೆಯುತ್ತೇನೆಂದು ಅವರು ಎರಡೆರಡು ಸಲ ಬಿಡಿಸಿ ಹೇಳಿ ಫೋನ್ ಇಡುವವರೆಗೂ ತನುಶ್ರೀ ಕುರ್ಚಿಯಿಂದ ಏಳಲಿಲ್ಲ. ಆಮೇಲೆ ತನ್ನ ಜಾಗಕ್ಕೆ ಮರಳಿ, ಕೊಪ್ಪಳದಿಂದ ಬಂದಿದ್ದ ಕುಡಿಯುವ ನೀರಿನ ದೂರನ್ನು ಕೈಗೆತ್ತಿಕೊಂಡಳು.