ನೆಲುವಿನಿಂದ ಇಳಿದ ಶೇಂಗಾ ಉಂಡೆ

ಮಾಗಳ ಗ್ರಾಮದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಶಾಲೆಯೆದುರಿನ ಪುಟ್ಟ ಅಂಗಡಿಯ ಹಿಂದೆ ಭರಮಮ್ಮ ಆಗಲೇ ಶೇಂಗಾ ಹುರಿಯುತ್ತಿದ್ದಾರೆ. ಹುರಿದ ಕಾಳನ್ನು ಉಜ್ಜಿ, ಮೊರದಲ್ಲಿ ಸಿಪ್ಪೆ ಕೇರಿ, ಬೆಲ್ಲದ ಪಾಕಕ್ಕೆ ಸುರಿದು, ಬಿಸಿಯಿರುವಾಗಲೇ ಉಂಡೆ ಕಟ್ಟಬೇಕು. ಶಾಲೆಯ ಗಂಟೆ ಹೊಡೆಯುವುದರೊಳಗೆ ಡಬ್ಬಿ ತುಂಬದಿದ್ದರೆ ಅವರಿಗೆ ಸಮಾಧಾನವಿಲ್ಲ.

ಗಂಡ ತೀರಿಕೊಂಡ ಮೇಲೆ ಮನೆ ನಡೆಸಿದ್ದು ಈ ಅಂಗಡಿಯೇ. ಎಲ್ಲರ ಅಂಗಡಿಯಂತೆ ಇಲ್ಲೂ ಕುರುಕಲು ಪ್ಯಾಕೆಟ್ಟಿನ ಸರಗಳು ಬಾಗಿಲಿಗೆ ತೋರಣದಂತೆ ತೂಗುತ್ತಿದ್ದವು. ಮುಂದೆ ಕಂಪನಿಯವರು ಪುಕ್ಕಟೆ ಕೊಟ್ಟ ಬಣ್ಣದ ಸ್ಟ್ಯಾಂಡು, ಅದರ ತುಂಬ ಮತ್ತಷ್ಟು ಪ್ಯಾಕೆಟ್ಟು. ಒಳಗೊಂದು ಆಟಿಕೆ ಇದೆಯೆಂದರೆ ಸಾಕು, ಮಕ್ಕಳು ಮುಗಿಬೀಳುತ್ತಿದ್ದರು. ವ್ಯಾಪಾರವೇನೋ ಚೆನ್ನಾಗಿತ್ತು. ಆದರೆ ಎರಡನೇ ತರಗತಿಯ ಮೊಮ್ಮಗಳು ಕೀರ್ತನಾ ರೊಟ್ಟಿ ಕಂಡರೆ ಮುಖ ತಿರುಗಿಸತೊಡಗಿದಳು. "ಬ್ಯಾರೆ ಯಾರನ್ನ ಬೈಲಿರಿ? ಕೂಸಿನ ನಾಲಿಗಿ ಕೆಡಿಸಿದ್ದು ನಮ್ಮ ಅಂಗಡೀನ," ಎನ್ನುತ್ತಾರೆ ಭರಮಮ್ಮ. ಬೇಲಿಯೇ ಎದ್ದು ಹೊಲ ಮೇಯ್ದ ಕಥೆ ಇದು. ಹೀಗೆ ಬಾಯಿಬಿಟ್ಟು ಒಪ್ಪಿಕೊಳ್ಳುವ ಅಂಗಡಿಯವರು ಎಷ್ಟು ಮಂದಿ ಸಿಕ್ಕಾರು!

ಸರಗಳನ್ನು ಬಿಚ್ಚಿ ಒಳಗಿಟ್ಟರು, ಶೇಂಗಾ ಉಂಡೆ ಕಟ್ಟಿದರು. ಆದರೆ ಉಂಡೆಯನ್ನು ಕೇಳುವವರೇ ಇಲ್ಲ. ಒಳ್ಳೆಯ ತಿನಿಸನ್ನು ಬೆಕ್ಕು, ಮಕ್ಕಳ ಕೈಗೆ ಸಿಗದಂತೆ ಸೂರಿಗೆ ಕಟ್ಟಿದ ಹಗ್ಗದ ನೆಲುವಿನಲ್ಲಿ ಇಡುವುದು ಅವರ ಮನೆಯ ಪದ್ಧತಿ. ಅತ್ತೆ ಕಲಿಸಿದ್ದನ್ನು ಬಿಡದೆ ಅಂಗಡಿಯಲ್ಲೂ ಉಂಡೆಯ ಡಬ್ಬಿಯನ್ನು ನೆಲುವಿಗೇರಿಸಿದ್ದರು! ಕೊನೆಗೊಂದು ಬೆಳಿಗ್ಗೆ ರಸ್ತೆಯಲ್ಲೇ ಕುಕ್ಕರಗಾಲಲ್ಲಿ ಕುಳಿತು, ಕೀರ್ತನಾಳ ಎತ್ತರದಿಂದ ತಮ್ಮ ಅಂಗಡಿಯನ್ನು ನೋಡಿದರು. ಕಂಡದ್ದು ಬಣ್ಣದ ಸ್ಟ್ಯಾಂಡು ಮಾತ್ರ. ಅಂದೇ ಸ್ಟ್ಯಾಂಡಿನ ಪ್ಯಾಕೆಟ್ಟುಗಳೂ ಒಳಗೆ ಹೋದವು. ಸ್ಟ್ಯಾಂಡಿನ ಕೆಳಗಿನ ಸಾಲಿಗೆ ಉಂಡೆ, ಕುದಿಸಿದ ಶೇಂಗಾ, ಪೇರಲ ಹಣ್ಣು ಬಂದವು.

ಕಂಪನಿಯ ಮಾಲು ಹಾಕುವ ಗಂಗಾಧರ್‌ಗೆ ಇದು ಸರಿಬರಲಿಲ್ಲ. "ಅಮ್ಮಾ, ಮುಂದ ನಮ್ಮ ಮಾಲ ಇರಬೇಕು. ಇಲ್ಲಂದ್ರ ಸ್ಟ್ಯಾಂಡ್ ವಾಪಸ್ ಒಯ್ತೀವಿ ನೋಡ್ರಿ."

"ಒಯ್ಯಪ್ಪಾ. ಸ್ಟ್ಯಾಂಡ್ ನಿಮ್ದು, ಅಂಗಡಿ ನಂದು."

ಸ್ಟ್ಯಾಂಡು ಹೋಯಿತು. ಅದರ ಜಾಗದಲ್ಲೀಗ ಇಟ್ಟಿಗೆಯ ಮೇಲೆ ಮುರಿದ ಮಂಚದ ಹಲಗೆ. ಎಷ್ಟೋ ಮಕ್ಕಳು ಆಚೆಯ ಅಂಗಡಿಗೆ ನಡೆದರು. ಸಂಸಾರ ಸಾಗುವುದು ಹೇಗೆಂಬ ಚಿಂತೆ ಭರಮಮ್ಮನಿಗೆ ಇಲ್ಲವೆಂದಲ್ಲ. "ಹಟದಾಗ ಹುಡುಗ್ರು ದೊಡ್ಡೋರೋ, ನಾನೋ? ನೋಡೇ ಬಿಡೂಣು ತಗೋರಿ," ಎನ್ನುತ್ತಾರೆ.

ಗಂಟೆ ಹೊಡೆಯಲು ಇನ್ನೇನು ಸ್ವಲ್ಪವೇ ಹೊತ್ತು. ಚೀಲ ಹೊತ್ತು ಬಂದ ಕೀರ್ತನಾ ಒಳಗಿನ ಪ್ಯಾಕೆಟ್ಟುಗಳತ್ತ ಒಮ್ಮೆ ಇಣುಕುತ್ತಾಳೆ. ಅಜ್ಜಿ ನೋಡುತ್ತಲೇ ಇರುತ್ತಾರೆ. ಹುಡುಗಿ ಹಲಗೆಯ ಮೇಲಿನ ಉಂಡೆಯೊಂದನ್ನು ತಾನೇ ಎತ್ತಿಕೊಂಡು, ಮುರಿದು ಅರ್ಧ ಬಾಯಿಗೆ ಹಾಕಿಕೊಂಡು, ಉಳಿದದ್ದನ್ನು ಜೇಬಿಗಿಳಿಸಿ ಓಡುತ್ತಾಳೆ.

ಭರಮಮ್ಮ ಮಂಡಿಯ ಮೇಲೆ ಕೈಯೂರಿ, ನಿಧಾನವಾಗಿ ಬಗ್ಗಿ ಡಬ್ಬಿಯ ಮುಚ್ಚಳ ಸರಿಮಾಡುತ್ತಾರೆ. ಕಣ್ಣು ತುಂಬಿ ಬಂದಿದೆ.

"ದಿನಾ ಬಗ್ಗಿ ಬಗ್ಗಿ ಮಂಡಿ ಹಿಡೀತಾವ್ರಿ. ಹಿಡೀಲಿ. ಹುಡುಗ್ರಿಗೆ ಎಟುಕಿದ್ರ ಸಾಕು."