ಅರಕಲಗೂಡಿನ ಮನೆಗೆ ದಾರಿ

ಬೀಗ ಇತ್ತು, ಅಷ್ಟು ಖಾತ್ರಿ. ಅಥವಾ ಇಷ್ಟು ವರ್ಷ ಹೇಳಿ ಹೇಳಿ ಖಾತ್ರಿಯಾಗಿದೆಯೋ ಏನೋ. ಹಿತ್ತಾಳೆಯದೆಂದು ಒಮ್ಮೆ ಹೇಳಿದ್ದೇನೆ, ಕಬ್ಬಿಣದ್ದೆಂದು ಇನ್ನೊಮ್ಮೆ. ನೀವು ನನ್ನನ್ನು ಪೂರ್ತಿ ನಂಬಬೇಡಿ. ಇವತ್ತು ಬೆಳಿಗ್ಗೆ ಬೀರುವಿನಲ್ಲಿ ತಂಗಿಯ ಲಗ್ನಪತ್ರಿಕೆಯೊಂದು ಸಿಕ್ಕಿತು. ನಾಲ್ಕು ಮೂಲೆಗೂ ಅರಿಶಿನ, ಮೇಲೆ ನನ್ನದೇ ಅಕ್ಷರ: 'ಚಿಕ್ಕಮ್ಮ, ಅರಕಲಗೂಡು.'

ಅಂದರೆ ತಲುಪಲಿಲ್ಲ. ನಮ್ಮಲ್ಲಿ ಮನೆಗೇ ಹೋಗಿ, ಕುಂಕುಮ ಕೊಟ್ಟು, ಕಾಫಿ ಕುಡಿದು ಕರೆದರೆ ಮಾತ್ರ ಕರೆದಂತೆ. ಚಿಕ್ಕಮ್ಮ ಮದುವೆಗೆ ಬರಲಿಲ್ಲ. ಅಂದಿನಿಂದ ನಮ್ಮೊಡನೆ ಮಾತೂ ಇಲ್ಲ. 'ಹೋಗಿದ್ದೆ, ಬೀಗ ಹಾಕಿತ್ತು' ಎಂಬುದೊಂದೇ ನನ್ನ ಸಮರ್ಥನೆ.

ಹೋದ ವರ್ಷ ಹಾಸನದಲ್ಲಿ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿಸುವ ಸಂಜೆ ತರಗತಿಗೆ ಸೇರಿದೆ. ಐವತ್ತು ದಾಟಿದವನಿಗೆ ಇದೇಕೆಂದು ಕೇಳಿದವರಿಗೆಲ್ಲ ಬೇರೆಬೇರೆ ಕಾರಣ ಹೇಳಿದ್ದೇನೆ, ಹಾಗಾಗಿ ನಿಜವಾದದ್ದು ಈಗ ನನಗೂ ನೆನಪಿಲ್ಲ. ಬರೀ ಅಕ್ಷರಗಳಲ್ಲೇ ಆಡುವ ಒಂದು ಸಾಹಸದ ಆಟ ಬರೆದು ತರಬೇಕಿತ್ತು. ಉಳಿದವರು ಗುಹೆ, ದೆವ್ವ, ನಿಧಿ ಬರೆದರು. ನಾನು ಲಗ್ನಪತ್ರಿಕೆ ಹಂಚುವ ಆಟ ಬರೆದೆ: ಹಾಸನದಿಂದ ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು. ಯಾವ ಮನೆಯಲ್ಲಾದರೂ ಕಾಫಿ ಬೇಡವೆಂದರೆ ಆಟ ಮುಗಿಯಿತು.

ಕಲಿಸುವ ಪ್ರೇಮಾ ಮೇಡಂಗೆ ನನ್ನ ಮಗಳ ವಯಸ್ಸು. ಒಂದೊಂದು ಮನೆಗೂ ಕಾಫಿಯ ಸಾಲುಗಳನ್ನು ನಾನು ಹೊಸದಾಗಿ ಬರೆದದ್ದು ನೋಡಿ ನಕ್ಕರು.

"ಸರ್, ಮನೆಮನೆಗೂ ಒಲೆ ಹಚ್ತೀರಲ್ಲ! ಒಂದ್ಸಲ ಕಾಯ್ಸಿಟ್ಕೊಳಿ, ಬೇಕಾದಾಗ ಬಗ್ಗಿಸ್ಕೊಳಿ."

ಹಾಗೆ ಕಾಫಿಗೆಂದು ಒಂದೇ ಫಂಕ್ಷನ್, ಅಂದರೆ ಒಮ್ಮೆ ಬರೆದಿಟ್ಟು ಬೇಕಾದಲ್ಲಿ ಹೆಸರು ಹಿಡಿದು ಕರೆಯುವ ಸಾಲುಗಳ ಕಟ್ಟು, ಆಯಿತು. ಯಾವ ಮನೆಯಿಂದ ಯಾವ ಮನೆಗೆ ದಾರಿ ಎಂಬುದೆಲ್ಲ ಒಂದೇ ಪಟ್ಟಿಗೆ ಇಳಿಯಿತು. ಇನ್ನೂರು ಸಾಲು ನಲವತ್ತಾದವು. ನನಗೋ, ನಲವತ್ತಕ್ಕೆ ಇಳಿದದ್ದು ನನ್ನ ವಯಸ್ಸೇ ಎಂಬ ಸಡಗರ. ಪಟ್ಟಿಯ ಮೇಲೆ ಓಡುತ್ತಿದ್ದ ಅವರ ಬೆರಳು ನಿಂತಿತು.

"ಸರ್, ಅರಕಲಗೂಡಿನ ಮನೆ ಇದೆ, ಬಾಗ್ಲಿದೆ, ಬೀಗನೂ ಇದೆ. ಆದ್ರೆ ಅಲ್ಲಿಗೆ ಯಾವ ಕಡೆಯಿಂದ್ಲೂ ದಾರಿನೇ ಇಲ್ವಲ್ಲ?"

"ಬರೆಯೋದು ಮರ್ತಿರ್ಬೇಕು ಮೇಡಂ."

"ಹಂಗಾದ್ರೆ ಬೀಗ ನೋಡ್ದೋರ್ಯಾರು?"

ಆಟದಲ್ಲಿ ದಾರಿ ಮಾಡಲು ಒಂದು ಸಾಲು ಸಾಕಾಯಿತು. ನಾನು ಹೊರಡಲು ಇವತ್ತಿನ ಈ ಪತ್ರಿಕೆ ಬೇಕಾಯಿತು. ಅದನ್ನೂ ಲ್ಯಾಪ್‌ಟಾಪನ್ನೂ ಚೀಲಕ್ಕೆ ಹಾಕಿಕೊಂಡು ಅರಕಲಗೂಡಿನ ಬಸ್ಸು ಹತ್ತಿದೆ.

ಚಿಕ್ಕಮ್ಮ ಬಾಗಿಲಲ್ಲೇ ಪತ್ರಿಕೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ಯಾವಾಗ್ಲಾ ಮದ್ವೆ?"

"ಆಗೋಯ್ತು ಚಿಕ್ಕಮ್ಮ. ಅವಳ ಮಗಳೇ ಈಗ ಪಿಯುಸಿ."

"ಬಿರ್‌ಬಿರ್ನೆ ಬಂದ್ಬುಟ್ಟೆ ಬುಡು. ಕೂತ್ಕ."

ಆಟ ತೋರಿಸಿದೆ. ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲು ಓದಿ, ಅವರ ಮನೆಗೆ ಬಂದಾಗ ತಲೆಯೆತ್ತಿದರು.

"ಬೀಗ ಆಕಿತ್ತು ಅಂತ ಬರ್ದಿದ್ದೀಯಾ? ಆಗ ನಮ್ಮನೆ ಬಾಗ್ಲಿಗೆ ಚಿಲ್ಕನೇ ಇರ್ಲಿಲ್ಲ ಕಣ್ಲಾ. ಬೀಗ ಎಲ್ಲಿಗ್ ಆಕಾನ, ನಿನ್ ಮೂತಿಗಾ?"

ಅವರೇ ಎದ್ದು ಒಳಗೆ ಹೋಗಿ ಲೋಟ ತಂದರು. "ಕುಡಿ. ಬ್ಯಾಡ ಅಂದ್ರೆ ಆಟ ಮುಗಿತದಂತಲ್ಲ."

ಕುಡಿದೆ. ಮನೆಗೆ ಬಂದು ಬೀಗದ ಸಾಲನ್ನು ಅಳಿಸಿದೆ; ಆಟಕ್ಕೆ ಏನೂ ಆಗಲಿಲ್ಲ, ಸಲೀಸಾಗಿ ಓಡುತ್ತಿದೆ. ಆದರೆ ಕಣ್ಣು ಮುಚ್ಚಿದರೆ ಆ ಬೀಗ ಈಗಲೂ ಕಾಣುತ್ತದೆ. ಅವತ್ತು ಯಾರ ಮನೆಯ ಬಾಗಿಲಿಂದ ತಿರುಗಿ ಬಂದೆನೋ, ಬಸ್ಸನ್ನೇ ಹತ್ತಲಿಲ್ಲವೋ, ನನಗೆ ಗೊತ್ತಿಲ್ಲ.