ಸಾವಿತ್ರಿ ಅತ್ತೆಯ ಉಗುರುಬಣ್ಣ

ಬಟ್ಟೆಯ ಅಂಚಿನ ಎಳೆ ಬಿಚ್ಚದಂತೆ ಹಚ್ಚುವ ದ್ರಾವಣದ ಬಾಟಲಿಯನ್ನು ಶಿರಸಿ ಪೇಟೆಯಿಂದ ತಂದು ಇವತ್ತು ಮುಚ್ಚಳ ತೆರೆದೆ. ಅದೇ ಉಗುರುಬಣ್ಣದ ವಾಸನೆ.

ನಾನು ಚಿಕ್ಕವಳಿದ್ದಾಗ ಅಪ್ಪನ ತಂಗಿ ಸಾವಿತ್ರಿ ಅತ್ತೆ ಗಂಡ ತೀರಿಹೋದ ಮೇಲೆ ತ್ಯಾಗಲಿಯ ನಮ್ಮ ಮನೆಗೆ ಬಂದಿದ್ದಳು. ಮನೆಯಿಂದ ಹೊರಗೇ ಹೋಗುತ್ತಿರಲಿಲ್ಲ. ಶಾಲೆಯಲ್ಲಿ ನನ್ನ ನೃತ್ಯವಿದೆಯೆಂದು ತನ್ನ ಕೆಂಪು ರೇಷ್ಮೆ ಸೀರೆ ಕತ್ತರಿಸಿ ಲಂಗ ಹೊಲಿದಳು. ಅಂಚಿನ ಎಳೆಗಳು ಬಿಚ್ಚತೊಡಗಿದಾಗ ಪೆಟ್ಟಿಗೆಯಿಂದ ತನ್ನ ಮದುವೆಯ ಉಗುರುಬಣ್ಣ ತಂದು ಸುತ್ತಲೂ ಹಚ್ಚಿದಳು. ಎಳೆ ಬಿಚ್ಚುವುದು ನಿಂತಿತು.

“ಸ್ವಲ್ಪ ಉಳದ್ದು. ನಿನ್ನ ಉಗುರಿಗೆ ಹಚ್ಲಾ ಅತ್ತೆ?” ಎಂದೆ.

“ಆನು ಹಚ್ಕಂಡ್ರೆ ಜನ ಎಂತ ಹೇಳ್ತ?”

ಬಾಗಿಲಲ್ಲಿ ನಿಂತಿದ್ದ ಅಜ್ಜಿ ಮಗಳಿಗೆ ಮೆಲ್ಲಗೆ ಹೇಳಿದಳು, “ಹಚ್ಕಳೆ. ಕೇಳ್ದವ್ಕೆ ಆನು ಹೇಳ್ತೆ.”

ಮರುದಿನ ಅತ್ತೆ ಉಗುರಿಗೆ ಬಣ್ಣ ಹಚ್ಚಿಕೊಂಡೇ ಶಾಲೆಗೆ ಬಂದು ಮುಂದಿನ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟಿದಳು.

ಈಗಷ್ಟೇ ಅವಳಿಗೆ ಫೋನ್ ಮಾಡಿದೆ. “ಈಗ ಹುಡ್ಗೀರಿಗೆ ಹೊಲಿಗೆ ಹೇಳ್ಕೊಡ್ತಾ ಇದ್ದೆ, ಸಂಜೆ ಫೋನ್ ಮಾಡೆ,” ಎಂದು ಇಟ್ಟುಬಿಟ್ಟಳು.